ಸೆಕೆಗೆ ಹೆದರಿ ನಾರ್ವೆಗೆ ಹೋದದ್ದು

ವಾರಿಜ ಮೊದಲ ಸಲ ತಲೆ ತಿರುಗಿ ಬಿದ್ದದ್ದು ಏಪ್ರಿಲ್ ತಿಂಗಳ ಒಂದು ಶನಿವಾರ. ಅದರ ಹಿಂದಿನ ದಿನ, ಶುಕ್ರವಾರ, ನಾನು ಫ್ರಿಜ್ ರಿಪೇರಿ ಮಾಡಿದೆ.

ದೋಹಾದ ಬಿನ್ ಒಮ್ರಾನಿನಲ್ಲಿ ಎರಡನೇ ಮಹಡಿಯ ಎರಡು ಕೋಣೆಯ ಮನೆ ನಮ್ಮದು. ಮಕ್ಕಳಿಲ್ಲ. ಏಷ್ಯನ್ ಗೇಮ್ಸ್ ಬರುತ್ತದೆಂದು ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದ ಕಾಲ. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಸೆಕೆ. ನಮ್ಮ ಫ್ರಿಜ್ಜಿನ ಮೇಲಿನ ಪೆಟ್ಟಿಗೆಯಲ್ಲಿ ಮಂಜು ಕಟ್ಟಿ ಬಾಗಿಲು ಹಾಕಲು ಆಗುತ್ತಿರಲಿಲ್ಲ. ಹದಿನೇಳು ವರ್ಷ ಸ್ಟೋರ್ ಕೀಪರ್ ಆಗಿದ್ದವನಿಗೆ ಯಂತ್ರಗಳ ಮೇಲೆ ಒಂದು ಅಧಿಕಾರ ಬಂದಿರುತ್ತದೆ. ಅವುಗಳ ಬಿಡಿಭಾಗಗಳ ಹೆಸರು ಗೊತ್ತಿರುತ್ತದೆ. ಅಷ್ಟೇ ಬಲದ ಮೇಲೆ ನಾನು ಸ್ಕ್ರೂಡ್ರೈವರ್ ಹಿಡಿದು ಮಂಜನ್ನು ಕೆತ್ತತೊಡಗಿದೆ. ವಾರಿಜ ಪಕ್ಕದಲ್ಲಿ ಸ್ಟೂಲ್ ಹಾಕಿ ಕುಳಿತು, ಉದುರಿದ ಮಂಜನ್ನು ಸ್ಟೀಲ್ ಬಟ್ಟಲಿನಲ್ಲಿ ಹಿಡಿದು ಕುತ್ತಿಗೆಗೆ ಒತ್ತಿಕೊಳ್ಳುತ್ತಿದ್ದಳು.

"ನಿಜವಾದ ಹಿಮ ಹೀಗೇ ಇರ್ತದಾ?" ಎಂದು ಕೇಳಿದಳು.

"ಇದಕ್ಕಿಂತ ಸ್ವಲ್ಪ ಬಿಳಿ," ಎಂದೆ.

"ನೀವು ಮುಟ್ಟಿದ್ದೀರಾ?"

"ಓಲಾವರ ಕ್ಯಾಲೆಂಡರ್ ಮುಟ್ಟಿದ್ದೇನೆ."

ಓಲಾವ್ ನಮ್ಮ ಕಂಪನಿಯ ಎಂಜಿನಿಯರ್, ನಾರ್ವೆ ದೇಶದವರು. ಅವರ ಮೇಜಿನ ಮೇಲೆ ಊರಿನ ಚಿತ್ರಗಳ ಕ್ಯಾಲೆಂಡರ್ ಇತ್ತು. ಹನ್ನೆರಡು ತಿಂಗಳಲ್ಲಿ ಎಂಟು ತಿಂಗಳು ಹಿಮ.

ಅಷ್ಟರಲ್ಲಿ ಫ್ರಿಜ್ಜಿನ ಒಳಗಿಂದ ಉಸ್ಸೆಂದು ಶಬ್ದ ಬಂತು. ಸ್ಕ್ರೂಡ್ರೈವರ್ ಗ್ಯಾಸಿನ ಪೈಪಿನೊಳಗೆ ಹೋಗಿತ್ತು. ವಾರಿಜ ಬಟ್ಟಲು ಕೆಳಗಿಟ್ಟು, "ಆಯ್ತು, ರಿಪೇರಿ ಮುಗೀತು," ಎಂದಳು. ಇದ್ದ ಮೀನನ್ನೆಲ್ಲ ಅವತ್ತೇ ಸಾರು ಮಾಡಿದಳು. ಮೇಲಿನ ಮನೆಯ ಹಸನಬ್ಬರಿಗೂ ಕೊಟ್ಟೆವು. ಮಧ್ಯಾಹ್ನ ಮಲಗಿದೆವು. ಅದು ನಮ್ಮ ಕೊನೆಯ ಸಾಮಾನ್ಯ ದಿನ ಎಂದು ಯಾರೂ ಹೇಳಲಿಲ್ಲ.

ಮರುದಿನ ಅವಳು ಕೆಳಗಿನ ಅಂಗಡಿಯಲ್ಲಿ ಈರುಳ್ಳಿ ಚೀಲಗಳ ನಡುವೆ ಬಿದ್ದಳು. ಎರಡು ವಾರ ಪರೀಕ್ಷೆಗಳಾದವು. ಡಾಕ್ಟರು ನನ್ನನ್ನು ಕಾರಿಡಾರಿಗೆ ಕರೆದು, ಹೊಟ್ಟೆಯ ಗಡ್ಡೆ ಎಲ್ಲ ಕಡೆ ಹರಡಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ, ನೋವಿಗೆ ಮಾತ್ರೆ ಕೊಡುತ್ತೇನೆ, ನಾಲ್ಕೈದು ತಿಂಗಳು ಎಂದರು. ಊರಿಗೆ ಕರೆದುಕೊಂಡು ಹೋಗಿ ಎಂದೂ ಹೇಳಿದರು.

ಇದನ್ನು ಅವಳಿಗೆ ಹೇಗೆ ಹೇಳುವುದೆಂದು ತಿಳಿಯದೆ ಫೈಲನ್ನು ಟಿವಿಯ ಹಿಂದೆ ಅಡಗಿಸಿದೆ. ಮೂರನೇ ದಿನ ಆಫೀಸಿನಿಂದ ಬಂದಾಗ ಅದು ಊಟದ ಮೇಜಿನ ಮೇಲಿತ್ತು.

"ಟಿವಿಯ ಹಿಂದೆ ಇಡ್ತೀರಲ್ಲ," ಎಂದಳು. "ಈ ಮನೆಯಲ್ಲಿ ಟಿವಿಯ ಹಿಂದೆ ಧೂಳು ಒರೆಸುವುದು ಯಾರು?"

ಅವಳು ಚಹಾ ತಂದು ಕೊಟ್ಟಳು. ಆಮೇಲೆ ಹೇಳಿದಳು: "ಊರಿಗೆ ಹೇಗೂ ಹೋಗ್ಲಿಕ್ಕುಂಟು. ಅದಕ್ಕೆ ಮೊದಲು ಒಂದು ಸಲ ಹಿಮ ಇರುವಲ್ಲಿಗೆ ಕರ್ಕೊಂಡು ಹೋಗಿ. ಮೈಯೆಲ್ಲ ಉರಿ. ಫ್ರಿಜ್ಜಿನದ್ದು ನೀವು ಹಾಳು ಮಾಡಿದ್ರಿ."

ಹದಿನೇಳು ವರ್ಷದಲ್ಲಿ ಅವಳು ನನ್ನಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅದನ್ನು ನೆರವೇರಿಸುವ ಕೆಲಸ ನನ್ನ ಕೈಗೆ ಬಂತು. ಮುಂದೆ ನಡೆದದ್ದಕ್ಕೆಲ್ಲ ಅದೇ ಕಾರಣ.

ಓಲಾವ್ ಒಳ್ಳೆಯವರು. ವಿಷಯ ಕೇಳಿ ನನಗೆ ಕುರ್ಚಿ ಎಳೆದು ಕೊಟ್ಟರು. ಆಮೇಲೆ, ನಾರ್ವೆಯ ಉತ್ತರದ ತುದಿಯ ದ್ವೀಪವೊಂದರಲ್ಲಿ ತನ್ನ ಚಿಕ್ಕಮ್ಮ ಇದ್ದಾಳೆ, ಹೆಸರು ಇಂಗೆರ್, ನಾಲ್ಕು ಕೋಣೆಯ ಅತಿಥಿಗೃಹ ನಡೆಸುತ್ತಾಳೆ, ಯಾವಾಗ ಬೇಕಾದರೂ ಹೋಗಿ ಎಂದರು. ನಾನು ತಕ್ಷಣ ರಜೆಯ ಅರ್ಜಿ ಬರೆದೆ. ಬರೆದೆ ಅಂದರೆ, ಹೋದ ವರ್ಷದ ಅರ್ಜಿಯನ್ನು ಎದುರಿಗಿಟ್ಟು ನಕಲು ಮಾಡಿದೆ. ಗಲ್ಫಿನಲ್ಲಿರುವ ನಮಗೆ ರಜೆ ಅಂದರೆ ಶಾಲೆಗಳಿಗೆ ರಜೆ ಸಿಕ್ಕಾಗ, ಜೂನ್ ಇಪ್ಪತ್ತೈದಕ್ಕೆ. ಮಕ್ಕಳಿಲ್ಲದ ನಾವೂ ಹದಿನೇಳು ವರ್ಷ ಅದೇ ತಾರೀಕಿಗೆ ಹೋಗಿದ್ದೆವು. ಕೈ ತಾನಾಗಿ ಅದನ್ನೇ ಬರೆಯಿತು. ಅದು ಏಪ್ರಿಲ್ ಕೊನೆ. ಮೇ ತಿಂಗಳ ಮೊದಲ ವಾರ ಹೋಗಿದ್ದರೆ ಇಂಗೆರಮ್ಮನ ಮನೆಯ ಮೆಟ್ಟಿಲ ಬಳಿಯಲ್ಲೇ ಹಿಮ ಇರುತ್ತಿತ್ತಂತೆ. ಓಲಾವ್ ಇದನ್ನು ಹೇಳಿದ್ದು ಟಿಕೆಟ್ ಮಾಡಿಸಿದ ಮೇಲೆ. ಅದಕ್ಕೆ ಮೊದಲು ನಾನು ಕೇಳಿರಲಿಲ್ಲ.

"ಜೂನ್ ಕೊನೆಗೂ ಚೆನ್ನಾಗಿರುತ್ತದೆ," ಎಂದು ಸಮಾಧಾನ ಮಾಡಿದರು. "ಆಗ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ."

ಸಂಜೆ ಹಸನಬ್ಬರಿಗೆ ಇದನ್ನು ಹೇಳಿದೆ. ಹಸನಬ್ಬರು ಬಂಟ್ವಾಳದ ಬ್ಯಾರಿ. ಬಟ್ಟೆ ಅಂಗಡಿ. ನಮಗಿಂತ ಹತ್ತು ವರ್ಷ ಮೊದಲು ದೋಹಾಕ್ಕೆ ಬಂದವರು.

"ಎಂತ ಮಾರಾಯ್ರೆ ನೀವು," ಎಂದರು. "ಇಲ್ಲಿ ಸೂರ್ಯ ದಿನಕ್ಕೆ ಹತ್ತು ಗಂಟೆ ಹೊತ್ತಾದರೂ ರಜೆ ತಗೊಳ್ತಾನೆ. ಸೆಕೆ ಅಂತ ಓಡಿ ಅವನ ಮನೆಗೇ ಹೋಗ್ತೀರಾ?"

ವೀಸಾ ಫಾರಂ ತುಂಬಿಸಲು ಟೈಪಿಂಗ್ ಸೆಂಟರಿಗೆ ಹೋದೆ. ಟೈಪ್ ಮಾಡುವ ರಾಜನ್ ಮಲಯಾಳಿ. ಹೋಗುವ ಉದ್ದೇಶ ಏನೆಂದು ಹಾಕಲಿ ಎಂದು ಕೇಳಿದ.

"ಹಿಮ," ಎಂದೆ.

"ಹಿಮ ಅಂತ ಕಾಲಂ ಇಲ್ಲ ಚೇಟಾ. ಟೂರಿಸಂ, ಬಿಸಿನೆಸ್, ಮೆಡಿಕಲ್. ಬೇಗ ಹೇಳಿ, ಹಿಂದೆ ಜನ ಉಂಟು."

ನಾನು ಪ್ರಾಮಾಣಿಕನಾಗಿ ಯೋಚಿಸಿದೆ. ನಮ್ಮದು ಮೋಜಿನ ಪ್ರವಾಸವಲ್ಲ. ಮೆಡಿಕಲ್ ಹಾಕಿಸಿದೆ. ಹತ್ತು ದಿನದ ಮೇಲೆ ಉತ್ತರ ಬಂತು: ಚಿಕಿತ್ಸೆ ನೀಡುವ ನಾರ್ವೆಯ ಆಸ್ಪತ್ರೆಯ ಪತ್ರ ಲಗತ್ತಿಸಿ. ಪುನಃ ರಾಜನ್ ಬಳಿ ಹೋದೆ. ಅವನು ನನ್ನನ್ನು ನೋಡಿ ಏನೂ ಕೇಳದೆ ಟೂರಿಸಂ ಎಂದು ಟೈಪ್ ಮಾಡಿದ. ಹೀಗೆ ಮೇ ತಿಂಗಳು ಖಲಾಸ್ ಆಯಿತು. ವಾರಿಜಳ ಬಳೆಗಳು ಮೊಣಕೈವರೆಗೆ ಜಾರತೊಡಗಿದ್ದವು.

ಸಾಮಾನು ಕಟ್ಟುವುದರಲ್ಲಿ ಮಾತ್ರ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ವಿಮಾನ ಹತ್ತುವುದೆಂದರೆ ದೊಡ್ಡ ಕಾರ್ಟನ್, ಕಂದು ಟೇಪು, ನೀಲಿ ಹಗ್ಗ, ಮಾರ್ಕರಿನಲ್ಲಿ ಎರಡು ಬದಿಗೆ ಹೆಸರು. ಕೈ ಬೀಸಿಕೊಂಡು ಯಾರ ಮನೆಗೂ ಹೋಗಬಾರದು. ಹಾಗಾಗಿ ಇಂಗೆರಮ್ಮನಿಗೆಂದು ಅತ್ತರು, ಟ್ಯಾಲ್ಕಂ ಪೌಡರ್, ನೋವಿನ ಮುಲಾಮು, ಖರ್ಜೂರ, ಜೊತೆಗೆ ಹುಲಿಯ ಚಿತ್ರವಿರುವ ಆರು ಕಿಲೋದ ಮಿಂಕ್ ಕಂಬಳಿ ತೆಗೆದುಕೊಂಡೆ. ಗಲ್ಫಿನಿಂದ ಹೋದವರು ಕಂಬಳಿ ಕೊಡದಿದ್ದರೆ ನಮ್ಮಲ್ಲಿ ಮುಖ ನೋಡುವುದಿಲ್ಲ. ನಮಗಾಗಿ ಕುಚ್ಚಲಕ್ಕಿ, ತುಪ್ಪ, ಉಪ್ಪಿನಕಾಯಿ, ಎರಡು ಪೊಟ್ಟಣ ಒಣ ನಂಗು ಮೀನು.

"ಅಲ್ಲಿಯವರಿಗೆ ಕಂಬಳಿ ಇಲ್ವಾ?" ಎಂದು ವಾರಿಜ ಕೇಳಿದಳು.

"ಇರಬಹುದು. ಹುಲಿ ಇರ್ಲಿಕ್ಕಿಲ್ಲ."

ಓಸ್ಲೋ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ನಮ್ಮ ಕಾರ್ಟನ್ ನೋಡಿದ ಕೂಡಲೇ ಪಕ್ಕಕ್ಕೆ ಕರೆದ. ತುಪ್ಪ ತೆಗೆದಿಟ್ಟುಕೊಂಡ. ಮೀನಿನ ಪೊಟ್ಟಣ ಮೂಸಿ ನೋಡಿ ಇನ್ನಿಬ್ಬರನ್ನು ಕರೆದ. ಅವರೂ ಮೂಸಿದರು. ನನ್ನನ್ನು ಜೈಲಿಗೆ ಹಾಕಿದರೆ ವಾರಿಜಳನ್ನು ಯಾರು ನೋಡಿಕೊಳ್ಳುವುದು ಎಂದು ನಾನು ಯೋಚಿಸುತ್ತಿದ್ದೆ. ಕೊನೆಗೆ ಹಿರಿಯವನು ಪೊಟ್ಟಣವನ್ನು ಎರಡೂ ಕೈಯಲ್ಲಿ ಮರಳಿಸಿ, ನಾವು ಸಾವಿರ ವರ್ಷದಿಂದ ಲೋಕಕ್ಕೆಲ್ಲ ಒಣಮೀನು ಮಾರುತ್ತಿದ್ದೇವೆ, ಇಲ್ಲಿಗೆ ತಂದವರು ನೀವೇ ಮೊದಲಿಗರು ಎಂದ. ವಾರಿಜ ನಕ್ಕಳು. ಎರಡು ತಿಂಗಳ ನಂತರ ಅವಳು ನಕ್ಕದ್ದು ನೋಡಿ, ಅವಮಾನವಾದದ್ದು ಒಳ್ಳೆಯದೇ ಆಯಿತು ಎನಿಸಿತು.

ದೋಹಾದಲ್ಲಿ ಈಗಲೂ ಕೆಲವರು, "ನೀವು ನಾರ್ವೆಗೆ ಹೋದವರಲ್ವಾ, ಹೇಗುಂಟು, ಹೋಗಬಹುದಾ?" ಎಂದು ಕೇಳುತ್ತಾರೆ. ಹೋಗಬಹುದು. ನಲ್ಲಿಯ ನೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ, ಎಳನೀರಿನಷ್ಟು ಸಿಹಿ. ಸಮುದ್ರದ ಅಂಚಿನಿಂದಲೇ ಬೆಟ್ಟ ಎದ್ದು ನಿಂತಿರುತ್ತದೆ. ಹಾರ್ನ್ ಇಲ್ಲ, ಧೂಳಿಲ್ಲ. ಕೆಂಪು ಮರದ ಮನೆಗಳ ಹಿಂದೆ ಮೀನಿನ ತಲೆಗಳನ್ನು ಒಣಗಲು ತೂಗುಹಾಕಿರುತ್ತಾರೆ, ಕಣ್ಣು ಮುಚ್ಚಿದರೆ ಮಲ್ಪೆಯ ವಾಸನೆ. ಕಷ್ಟವೂ ಉಂಟು. ಒಂದು ಕಾಫಿಯ ಬೆಲೆ ಫೋನಿನಲ್ಲಿ ಹೇಳಿದಾಗ ಹಸನಬ್ಬರು ಅದು ಒಂದು ಕಿಲೋ ಪುಡಿಯ ಬೆಲೆಯಾ ಎಂದು ಕೇಳಿದರು. ಜನ ನಿಮ್ಮನ್ನು ನೋಡಿ ನಗುವುದಿಲ್ಲ, ಆದರೆ ದಾರಿ ಕೇಳಿದರೆ ಮನೆಬಾಗಿಲವರೆಗೆ ಬಿಟ್ಟು ಹೋಗುತ್ತಾರೆ. ಎಲ್ಲಕ್ಕಿಂತ ದೊಡ್ಡ ಕಷ್ಟ, ಸಂಜೆ ಆಗುವುದಿಲ್ಲ.

ಸಂಜೆ ಆಗದಿದ್ದರೆ ಏನಾಯಿತು ಎನ್ನಬಹುದು. ವಾರಿಜ ಸಂಜೆ ದೇವರ ದೀಪ ಹಚ್ಚದೆ ರಾತ್ರಿಯ ಊಟ ಮುಟ್ಟುವವಳಲ್ಲ. ಬಿನ್ ಒಮ್ರಾನಿನಲ್ಲಿ ಕಿಟಕಿಯಿಂದ ಆಕಾಶ ಕಾಣುವುದಿಲ್ಲ. ಹಿಂಬದಿಯ ಮಸೀದಿಯಲ್ಲಿ ಸೂರ್ಯ ಮುಳುಗುವ ಹೊತ್ತಿನ ಮಗ್ರಿಬ್ ಬಾಂಗ್ ಕೇಳಿದ ಕೂಡಲೇ ಬೆಂಕಿಕಡ್ಡಿ ಗೀರುತ್ತಿದ್ದಳು. ಇಲ್ಲಿ ಬಾಂಗೂ ಇಲ್ಲ, ಕತ್ತಲೂ ಇಲ್ಲ. ಮೊದಲನೆಯ ದಿನ ಅವಳು ಕಿಟಕಿಯ ಬಳಿ ಕುಳಿತು ಕಾದಳು. ಎಂಟಾಯಿತು, ಒಂಬತ್ತಾಯಿತು. ಸೂರ್ಯ ಸಮುದ್ರದ ಮೇಲೆ ಕುಳಿತು ನಮ್ಮನ್ನೇ ನೋಡುತ್ತಿದ್ದ.

"ಊಟ ಮಾಡು. ಮಾತ್ರೆ ತಗೊಳ್ಳಲಿಕ್ಕುಂಟು," ಎಂದೆ.

"ಹಗಲಿಗೆ ಹೇಗೆ ದೀಪ ಇಡುವುದು? ದೇವರಿಗೆ ತಲೆ ಸರಿ ಇಲ್ಲ ಅಂತ ಅನ್ನಿಸುವುದಿಲ್ವಾ?"

"ಯಾರಿಗೆ? ನಿನಗಾ ದೇವರಿಗಾ?"

"ಇಬ್ಬರಿಗೂ."

ಅವತ್ತು ಉಣ್ಣದೆ ಮಲಗಿದಳು. ಬೆಳಿಗ್ಗೆ ನಾನು ಹಸನಬ್ಬರಿಗೆ ಫೋನ್ ಮಾಡಿ ಪರಿಸ್ಥಿತಿ ವಿವರಿಸಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಅಷ್ಟೇ ಅಲ್ವಾ? ಇಲ್ಲಿ ಬಾಂಗ್ ಆದ ಕೂಡಲೇ ಮಿಸ್ಡ್ ಕಾಲ್ ಕೊಡ್ತೇನೆ. ತಂಗಿ ದೀಪ ಇಡಲಿ. ನೀವು ಫೋನ್ ಎತ್ತಬೇಡಿ ಮಾತ್ರ, ಬಿಲ್ ಬರ್ತದೆ."

ಅವತ್ತು ಸಂಜೆ ಐದೂವರೆಗೆ, ಹೊರಗೆ ನಡುಹಗಲಿನಂಥ ಬಿಸಿಲಿದ್ದಾಗ, ಫೋನ್ ಎರಡು ಸಲ ಬಡಿದು ನಿಂತಿತು. ವಾರಿಜ ಎದ್ದು ದೀಪ ಹಚ್ಚಿದಳು. ನಾನು ಉತ್ಸಾಹದಲ್ಲಿ ಮೂರು ಊದುಬತ್ತಿ ಹಚ್ಚಿದೆ. ಅರ್ಧ ನಿಮಿಷದಲ್ಲಿ ಮಾಡಿನಲ್ಲಿದ್ದ ಹೊಗೆಯ ಅಲಾರಮಿನ ಬಿಳಿ ಡಬ್ಬಿ ಊರೇ ಕಿವುಡಾಗುವಂತೆ ಕಿರುಚಿತು. ಎಪ್ಪತ್ತು ದಾಟಿದ ಇಂಗೆರಮ್ಮ ಬಕೆಟ್ ಹಿಡಿದು ಮೆಟ್ಟಿಲೇರಿ ಓಡಿ ಬಂದಳು. ನಾನು ಕುರ್ಚಿ ಹತ್ತಿ ಡಬ್ಬಿಯನ್ನು ಲುಂಗಿಯಿಂದ ಬೀಸಿದೆ. ಲುಂಗಿ ನಾನು ಉಟ್ಟಿದ್ದದ್ದೇ. ಇಂಗೆರಮ್ಮ ಬಕೆಟ್ ಕೆಳಗಿಟ್ಟು ಗೋಡೆಯ ಕಡೆ ತಿರುಗಿ ನಿಂತಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ವಾರಿಜಳಿಗೆ ನಾರ್ವೆಯ ಭಾಷೆ ಬರುತ್ತಿರಲಿಲ್ಲ. ಆದರೆ ಆ ಕ್ಷಣದಿಂದ ಇಬ್ಬರೂ ಸ್ನೇಹಿತೆಯರಾದರು. ನನ್ನ ವಿಷಯದಲ್ಲಿ ಅವರಿಗೆ ಭಾಷೆ ಬೇಕಾಗಲಿಲ್ಲ.

ನಾವು ಬಂದದ್ದು ಹಿಮಕ್ಕೆ. ಊರಿನಲ್ಲಿ ಹಿಮ ಇರಲಿಲ್ಲ. ದೂರದ ಬೆಟ್ಟದ ಬಿರುಕಿನಲ್ಲಿ ಬಿಳಿ ಗೆರೆಯಂತೆ ಸ್ವಲ್ಪ ಕಾಣುತ್ತಿತ್ತು. ಇಂಗೆರಮ್ಮ ಬೆರಳು ತೋರಿಸಿ, ಕಾರಿನ ಸ್ಟಿಯರಿಂಗ್ ತಿರುಗಿಸಿದಂತೆ ಮಾಡಿ, ವಾರಿಜಳ ಕಡೆ ನೋಡಿ ತಲೆ ಅಲ್ಲಾಡಿಸಿದಳು. ಮೈ ಸ್ವಲ್ಪ ಹಗುರವಾದ ದಿನ ಹೋಗೋಣ ಎಂದು ನಮಗೆ ಅರ್ಥವಾಯಿತು. ಎರಡು ದಿನ ಕಾದೆವು. ಆ ಎರಡು ದಿನವೂ ನಾನು ನಿದ್ದೆ ಮಾಡಲಿಲ್ಲ. ರಾತ್ರಿ ಎರಡು ಗಂಟೆಗೂ ಕಿಟಕಿಯಿಂದ ಬಿಸಿಲು ನೇರ ನನ್ನ ಮುಖಕ್ಕೆ. ಹುಲಿಯ ಕಂಬಳಿಯನ್ನು ಪರದೆಯ ಸರಳಿಗೆ ನೇತುಹಾಕಿದೆ. ಆರು ಕಿಲೋ. ಸರಳು, ಪರದೆ, ಹುಲಿ, ಗೋಡೆಯ ಒಂದು ತುಂಡು, ನಾಲ್ಕೂ ನನ್ನ ಮೇಲೆ ಬಿದ್ದವು.

"ನೀವು ಏನೂ ರಿಪೇರಿ ಮಾಡಬೇಡಿ," ಎಂದಳು ವಾರಿಜ ಆಚೆ ಮಂಚದಿಂದ. "ಒಂದು ವಾರ. ನನಗೋಸ್ಕರ."

ಮೂರನೇ ದಿನ ಮಧ್ಯಾಹ್ನ ಊಟ ಮಾಡಿ ಐದು ನಿಮಿಷ ಎಂದು ಒರಗಿದೆ.

ಎಚ್ಚರವಾದಾಗ ಗಡಿಯಾರದಲ್ಲಿ ಏಳು ಗಂಟೆ. ಕಿಟಕಿಯಲ್ಲಿ ಒಳ್ಳೆಯ ಎಳೆಬಿಸಿಲು. ರಾತ್ರಿಯೆಲ್ಲ ಮಲಗಿಬಿಟ್ಟೆನಲ್ಲ ಎಂದು ಸಂತೋಷವಾಯಿತು. ಹಲ್ಲುಜ್ಜಿದೆ, ಗಡ್ಡ ಕೆರೆದೆ, ಸ್ನಾನ ಮಾಡಿ ಗಾಯತ್ರಿಯನ್ನು ಎಂದಿಗಿಂತ ನಿಧಾನವಾಗಿ ಹೇಳಿದೆ. ವಾರಿಜ ಬೇಗ ಎದ್ದು ಕೆಳಗೆ ಹೋಗಿರಬೇಕು ಎಂದುಕೊಂಡೆ. ಇಸ್ತ್ರಿ ಮಾಡಿದ ಶರ್ಟ್ ಹಾಕಿ ತಿಂಡಿಗೆ ಇಳಿದೆ. ಊಟದ ಕೋಣೆಯಲ್ಲಿ ಒಬ್ಬ ಜರ್ಮನ್ ಯಾತ್ರಿಕ ಮೀನು ತಿಂದು ಬಿಯರ್ ಕುಡಿಯುತ್ತಿದ್ದ. ಗುಡ್ ಮಾರ್ನಿಂಗ್ ಎಂದೆ. ಅವನು ನನ್ನನ್ನೂ ಬಿಯರನ್ನೂ ನೋಡಿ, ತನ್ನ ಗಡಿಯಾರ ನೋಡಿ, ಈಗ ಸಂಜೆ ಎಂದ.

ಸಂಜೆ. ಹಾಗಾದರೆ ವಾರಿಜ ಎಲ್ಲಿ? ಕೋಣೆಯಲ್ಲಿ ಇಲ್ಲ, ಅಂಗಳದಲ್ಲಿ ಇಲ್ಲ. ನಾನು ಸಮುದ್ರದ ಕಡೆ ಓಡಿದೆ. ದೋಣಿಗಳ ನಡುವೆ ಇಣುಕಿದೆ. ಹೆಸರು ಕೂಗಿದೆ. ಮೀನಿನ ತಲೆಗಳ ಕೆಳಗೆ ನಿಂತು ಏನೆಲ್ಲ ಯೋಚಿಸಿದೆನೋ ಬರೆಯುವುದಿಲ್ಲ. ನಾಲ್ಕೈದು ತಿಂಗಳು ಎಂದ ಡಾಕ್ಟರ ಲೆಕ್ಕ ಆ ಹೊತ್ತಿನಲ್ಲಿ ನನಗೆ ದೊಡ್ಡ ಆಸ್ತಿಯ ಹಾಗೆ ಕಂಡಿತು.

ಅಷ್ಟರಲ್ಲಿ ಇಂಗೆರಮ್ಮನ ಹಳೆಯ ಕಾರು ಬಂದು ನಿಂತಿತು. ವಾರಿಜ ಇಳಿದಳು. ಮೈಮೇಲೆ ಇಂಗೆರಮ್ಮನ ಉಣ್ಣೆಯಂಗಿ, ಕಾಲಿಗೆ ಅವಳದೇ ಬೂಟು, ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ. ಮೂಗು ಕೆಂಪಾಗಿತ್ತು. ಇಬ್ಬರೂ ಪರಸ್ಪರ ಏನೋ ಕೈಸನ್ನೆ ಮಾಡಿಕೊಂಡು ನಗುತ್ತಿದ್ದರು.

"ಎಲ್ಲಿಗೆ ಹೋಗಿದ್ದೆ?"

"ಹಿಮಕ್ಕೆ."

"ನನ್ನನ್ನು ಎಬ್ಬಿಸಬಾರದಿತ್ತಾ?"

"ಎರಡು ಸಲ ಎಬ್ಬಿಸಿದೆ. ಐದು ನಿಮಿಷ ಅಂದ್ರಿ. ಮೂರನೇ ಸಲ ಇಂಗೆರಮ್ಮ ಎಬ್ಬಿಸಿದ್ರು. ಅವರಿಗೆ ತುಳುವಿನಲ್ಲಿ ಬೈದ್ರಿ."

"ಹಿಮ ಸಿಕ್ಕಿತಾ?"

"ಸಿಕ್ತು."

"ಹೇಗಿತ್ತು?"

ಅವಳು ಬೂಟು ಬಿಚ್ಚುತ್ತಾ, "ಮಲಗಿದವರಿಗೆ ಹೇಳುವುದಿಲ್ಲ," ಎಂದಳು.

ಆ ದಿನ ಅವಳು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ಆಮೇಲೆ ಹಾಗೆ ಉಣ್ಣಲಿಲ್ಲ. ನಾನೂ ಬರುತ್ತೇನೆ, ನಾಳೆ ಪುನಃ ಹೋಗೋಣ ಎಂದೆ. ಮರುದಿನ ಅವಳಿಗೆ ಏಳಲು ಆಗಲಿಲ್ಲ. ನಾವು ಬಂದ ದಾರಿಯಲ್ಲೇ ಹಿಂದೆ ಹೋದೆವು. ಕಂಬಳಿ ಇಂಗೆರಮ್ಮನ ಬಳಿ ಉಳಿಯಿತು.

ದೋಹಾದಲ್ಲಿ ಎರಡು ವಾರ, ಆಮೇಲೆ ಮಂಗಳೂರು. ದಾರಿಯಲ್ಲಿ, ಆಸ್ಪತ್ರೆಯಲ್ಲಿ, ನಾನು ಕೇಳುತ್ತಲೇ ಇದ್ದೆ. ಅಲ್ಲಿ ಏನಾಯಿತು, ನೀನು ಏನು ಮಾಡಿದೆ, ಕೈಯಲ್ಲಿ ಹಿಡಿದೆಯಾ, ನಡೆದೆಯಾ? ಅವಳಿಗೆ ನನ್ನನ್ನು ಕಾಡಿಸಲು ಉಳಿದಿದ್ದದ್ದು ಅದೊಂದೇ. ಬಿಟ್ಟುಕೊಡಲಿಲ್ಲ. "ಹೇಳ್ತೇನೆ. ಎಂತ ಅವಸರ," ಎನ್ನುತ್ತಿದ್ದಳು. ಕೊನೆಯ ವಾರ ಕೇಳಲು ನನಗೇ ಧೈರ್ಯ ಬರಲಿಲ್ಲ. ಕೇಳಿದರೆ ಅವಸರ ಇದೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಚೌತಿ ಕಳೆದು ನಾಲ್ಕನೇ ದಿನ ಅವಳು ಹೋದಳು.

ಕ್ರಿಯೆಗಳನ್ನೆಲ್ಲ ಮುಗಿಸಿ ದೋಹಾಕ್ಕೆ ಮರಳಿದ ಮೇಲೆ ಇಂಗೆರಮ್ಮನಿಗೆ ಪತ್ರ ಬರೆದೆ. ಓಲಾವ್ ಅವರ ಭಾಷೆಗೆ ಮಾಡಿಕೊಟ್ಟರು. ವಾರಿಜ ತೀರಿಕೊಂಡಳು, ಆ ದಿನ ಹಿಮದಲ್ಲಿ ಏನು ನಡೆಯಿತೆಂದು ದಯವಿಟ್ಟು ತಿಳಿಸಿ ಎಂದಷ್ಟೇ ಬರೆದಿದ್ದೆ. ಎರಡು ತಿಂಗಳ ಮೇಲೆ ಉತ್ತರ ಬಂತು. ಓಲಾವ್ ಅದನ್ನು ತಮ್ಮ ಮೇಜಿನ ಬಳಿ ನನ್ನನ್ನು ಕೂರಿಸಿ ನಿಧಾನವಾಗಿ ಓದಿ ಹೇಳಿದರು. ಹವೆ ಚೆನ್ನಾಗಿತ್ತು. ಹಿಮ ಹೆಚ್ಚೇನೂ ಇರಲಿಲ್ಲ, ಸ್ವಲ್ಪ ಕೊಳೆಯಾಗಿತ್ತು. ನಿಮ್ಮ ಹೆಂಡತಿ ಅದರ ಮೇಲೆ ಕುಳಿತುಬಿಟ್ಟರು, ಬಹಳ ಹೊತ್ತು ಏಳಲಿಲ್ಲ. ಆಮೇಲೆ ನನ್ನ ಕೈ ಹಿಡಿದುಕೊಂಡು ನಿಮ್ಮ ಭಾಷೆಯಲ್ಲಿ ತುಂಬ ಹೊತ್ತು ಮಾತಾಡಿದರು. ನಡುವೆ ನಕ್ಕರು, ಒಮ್ಮೆ ಅತ್ತರು. ನನಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ, ಆದರೆ ನಾನು ಹೌದು ಹೌದು ಎಂದೆ.

ಓಲಾವ್ ಪತ್ರ ಮಡಚಿ ನನ್ನ ಕೈಗೆ ಕೊಟ್ಟರು. ಇನ್ನೇನಾದರೂ ಕೇಳಿ ಬರೆಯಬೇಕೇ ಎಂದರು. ಬೇಡ ಎಂದೆ.

ಆ ಮಾತುಗಳು ಅರ್ಥವಾಗಬಹುದಾಗಿದ್ದ ಮನುಷ್ಯ ಆ ಇಡೀ ದ್ವೀಪದಲ್ಲಿ ಒಬ್ಬನೇ ಇದ್ದ. ಅವನು ಬಾಯಿ ತೆರೆದುಕೊಂಡು ಮಲಗಿದ್ದ. ವಾರಿಜ ಅಲ್ಲಿ ಏನು ಹೇಳಿದಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ.